ಮೂರು ಗುಲಗಂಜಿ ಕಡಿಮೆ

ನಾನು ತೂಕ ಮತ್ತು ಅಳತೆ ಇಲಾಖೆಯವನು.
ಎಪ್ಪತ್ತನಾಲ್ಕರಲ್ಲಿ ಮಾಮೂಲುಪೇಟೆ ನನ್ನ ಸರಹದ್ದು.
ಚೀಲದಲ್ಲಿ ಮುದ್ರೆಯುಳಿ, ಸುತ್ತಿಗೆ, ಒಂದಿಷ್ಟು ಸೀಸ,
ಹಿಂದೆ ಜವಾನ ಮುನಿಯಲ್ಲಪ್ಪ.
ನಮ್ಮನ್ನು ಕಂಡರೆ ಕೆಲವು ತೂಕದ ಕಲ್ಲುಗಳು
ತಾವಾಗಿಯೇ ಗಲ್ಲಾಪೆಟ್ಟಿಗೆಯ ಅಡಿಗೆ ಉರುಳುತ್ತಿದ್ದವು.

ಪಾಂಡುರಂಗ ಶೆಟ್ಟರ ಗ್ರಂಧಿಗೆ ಅಂಗಡಿಯಲ್ಲಿ ಮಾತ್ರ
ಏನೂ ಉರುಳಲಿಲ್ಲ.
ಬಜೆ, ಅಳಲೆಕಾಯಿ, ಜೇಷ್ಠಮಧುವಿನ ಘಾಟಿನ ನಡುವೆ
ಯಾರದೋ ಬಾಣಂತನದ ಲೇಹ್ಯಕ್ಕೆ ತೂಗುತ್ತಿದ್ದರು.
ಒಂದು ತಟ್ಟೆಯಲ್ಲಿ ಹಿಪ್ಪಲಿ,
ಇನ್ನೊಂದರಲ್ಲಿ ಒಬ್ಬ ಸಿಪಾಯಿ.

ಬೆಳ್ಳಿಯ ಬಿಲ್ಲೆ. ಅಂಗೈಯಷ್ಟಲ್ಲ, ಅಂಗೈಯ ಗುಳಿಯಷ್ಟು.
ಅವನ ಕಾಲಡಿ ಮಗುಚಿದ ತೋಪು,
ಒಂದು ಕೈಯಲ್ಲಿ ಎತ್ತಿದ ಬಾವುಟ,
ಇನ್ನೊಂದರಲ್ಲಿ ತಲೆಕೆಳಗಾದದ್ದು.
ಹಿಂದೆಲ್ಲೋ ಒಂದು ಕೋಟೆ, ಕಿರುಬೆರಳಿನ ಉಗುರಿನಷ್ಟು.
ಮುಖ ಸವೆದು ಹೋಗಿತ್ತು. ಮೂಗಿರಲಿಲ್ಲ.
ಬೆನ್ನ ಮೇಲೆ ಇಂಗ್ಲಿಷಿನಲ್ಲಿ, ಮೈಸೂರಿನಲ್ಲಿ ಮಾಡಿದ ಸೇವೆಗಾಗಿ ಎಂದು,
ಸುತ್ತ ಪಾರ್ಸಿ ಬರಹ, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ.
ಇಸವಿ, ಸಾವಿರದ ಏಳುನೂರ ತೊಂಬತ್ತೆರಡು.
ಸಿಪಾಯಿಯ ಹೆಸರು ಎಲ್ಲೂ ಇಲ್ಲ.

'ಮುದ್ರೆ ಎಲ್ಲಿ?' ಅಂದೆ. ಅದು ನನ್ನ ಕಸುಬಿನ ಪ್ರಶ್ನೆ.
ಗ್ರಾಮು ಬಂದು, ತೊಲ ಸತ್ತು, ಹನ್ನೆರಡು ವರ್ಷವಾಗಿತ್ತು.
ಶೆಟ್ಟರು ಗಿರಾಕಿಯನ್ನು ಕಳಿಸಿ
ಕೆಂಪು ಬಟ್ಟೆ ಬಿಚ್ಚಿ ಒಂದು ಖಾತೆ ತೆಗೆದರು.

ಪ್ಲೇಗಿನ ವರ್ಷದ ಪುಟ. ಶಾಯಿ ಕಂದು.
'ಸುಕ್‌ದೇಯಿ, ದಂಡಿನವಳು. ಬೆಳ್ಳಿ ಪದಕ ಒಂದು, ಅಡವು.
ಲೋಬಾನ, ಕರ್ಪೂರ, ಗೋರೋಜನ, ಮಗುವಿಗೆ.
ಬಾಕಿ ಎರಡು ರೂಪಾಯಿ ಹತ್ತಾಣೆ.'
ಅದರ ಕೆಳಗಿನ ಗೆರೆ ಖಾಲಿ.

ಅರ್ಧ ಹಿಂದೂಸ್ತಾನಿ, ಅರ್ಧ ಕನ್ನಡದಲ್ಲಿ
ಅವಳು ಇವರ ಅಜ್ಜನಿಗೆ ಹೇಳಿದ್ದು ಇಷ್ಟು:
ತಾತನ ತಾತ ಪೂರಬದಿಂದ ನಡೆದು ಬಂದ.
ಬೆಂಗಳೂರು ಕೋಟೆಯ ಗೋಡೆ ಬಿರಿದ ರಾತ್ರಿ
ಬೆಳದಿಂಗಳಲ್ಲಿ ಆ ಬಿರುಕು ಹತ್ತಿದ.
ಕಂಪನಿ ಅವನ ಕೊರಳಿಗೆ ರೇಷ್ಮೆ ದಾರದಲ್ಲಿ ಇದನ್ನು ಕಟ್ಟಿತು.
ಪಟಾಲಂ ಹೊರಟಾಗ ಅವನು ಹೊರಡಲಿಲ್ಲ.
ಹಲಸೂರು ಕೆರೆಯ ಬಳಿ ಎರಡು ಎಮ್ಮೆ ಕಟ್ಟಿ
ಹಾಲು ಹಾಕಿದ, ಮುಂದೆ ಅದೇ ಕಂಪನಿಯವರಿಗೆ.
ಎಮ್ಮೆ ಸತ್ತಾಗ ಒಮ್ಮೆ, ಮಗಳ ಮದುವೆಗೊಮ್ಮೆ,
ಸೂಲಗಿತ್ತಿಗೊಮ್ಮೆ
ಬಿಲ್ಲೆ ಅಡವಿಗೆ ಹೋಗಿ ಬಂತು.
ಯುದ್ಧಕ್ಕಿಂತ ಹೆಚ್ಚು ಸಲ.

'ನಮ್ಮ ಕೋಟೆ ಒಡೆದವನದು, ಶೆಟ್ಟರೇ,' ಅಂದೆ.
'ಹೌದು. ಪೇಟೆ ಸೂರೆಯಾದಾಗ ನಮ್ಮವರದೂ ಹೋಯ್ತಂತೆ,
ಹನ್ನೊಂದು ಮೂಟೆ ಮೆಣಸು.
ಅದು ಬೇರೆ ಲೆಕ್ಕ. ಅಡವು ಅಡವೇ.'

ನನ್ನ ಇಲಾಖೆಯ ತ್ರಾಸಿನಲ್ಲಿ ಇಟ್ಟು ನೋಡಿದೆ.
ಮೂರು ತೊಲಕ್ಕೆ ಮೂರು ಗುಲಗಂಜಿ ಕಡಿಮೆ.
ಸಿಕ್ಕಿಬಿದ್ದರು ಅಂದುಕೊಂಡೆ,
ಸುಳ್ಳೇಕೆ, ಒಳಗೊಳಗೇ ಹಿಗ್ಗಿದೆ ಕೂಡ.
ಅವರು ಬೆಂಕಿಪೊಟ್ಟಣ ತೆರೆದು
ಮೂರು ಕೆಂಪು ಕಾಳು ಬಿಲ್ಲೆಯ ಪಕ್ಕಕ್ಕಿಟ್ಟರು.
ಮುಳ್ಳು ನೆಟ್ಟಗೆ ನಿಂತಿತು.
'ಸವೆಯುತ್ತೆ ಸಾರ್, ದಿನಾ ಎತ್ತಿ ಇಟ್ಟು.
ನಮ್ಮಪ್ಪ ಒಂದು ಕಾಳು ಹಾಕ್ತಿದ್ರು. ನಾನು ಮೂರು.'

ಕಾನೂನಿನಂತೆ ಅದನ್ನು ಜಪ್ತಿ ಮಾಡಬೇಕು.
ಮುನಿಯಲ್ಲಪ್ಪ ಚೀಲದ ಬಾಯಿ ಬಿಚ್ಚಿ ನಿಂತಿದ್ದ.
ನಾನು ನಮೂನೆಯಲ್ಲಿ ಬರೆದೆ:
'ತೂಕದ ಕಲ್ಲಲ್ಲ. ಬೇರೆಯವರ ಸ್ವತ್ತು.'
ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ
ಯಾರೂ ತಿರುಗಿ ಓದದ ಒಂದು ಸಾಲು.

ಆಮೇಲೆ ಭೂತಗನ್ನಡಿ ಹಿಡಿದವನೊಬ್ಬ ಬಂದನಂತೆ,
ಇಂಥದ್ದು ಈಗ ಸಿಗುವುದೇ ಇಲ್ಲವೆಂದು
ಒಂದು ಸೈಟಿನ ದುಡ್ಡು ಹೇಳಿದನಂತೆ.
ಶೆಟ್ಟರು ಅವನಿಗೆ ಎರಡು ಲವಂಗ ಕೊಟ್ಟು
'ಅವಳು ಬಿಡಿಸಿಕೊಳ್ಳೋಕೆ ಬಂದ್ರೆ?' ಅಂದರಂತೆ.

ಆ ದಿನ ಬಸ್ಸಿನಲ್ಲಿ ನಾನು
ಪೂರಬದವನ ಬಗ್ಗೆಯೇ ಯೋಚಿಸುತ್ತಿದ್ದೆ,
ಗೋಡೆ, ಬೆಳದಿಂಗಳು, ರೇಷ್ಮೆ ದಾರ.
ಚೀಲ ತೊಡೆಯ ಮೇಲಿಟ್ಟುಕೊಂಡು ಮುನಿಯಲ್ಲಪ್ಪ ಕೇಳಿದ:
'ಸಾರ್, ಆ ಮಗೂಗೆ ವಾಸಿಯಾಯ್ತಂತಾ?'

ಕಾರ್ಪೊರೇಷನ್ ಸ್ಟಾಪು ಬಂದಿತ್ತು. ಇಳಿದೆ.